ಹೆಸರಿನ ಅಡತಿ

ಹಗಲೆಲ್ಲ ಗಂಜಿನ್ಯಾಗ ತೊಗರಿ ತೂಗಸ್ತೀನಿ.
ತೂಕ, ಹಮಾಲಿ, ಅಡತಿ, ಚೀಲದ ಬಾಕಿ
ಕೆಂಪು ವಹಿಯಾಗ ಬರದು
ರಾತ್ರಿ ಹತ್ತರ ಮ್ಯಾಲ ಮಾಳಿಗಿ ಏರಿ
ಮೊಬೈಲಿನ್ಯಾಗ ಹೆಸರು ಖರೀದಿ ಮಾಡ್ತೀನಿ.

"ಹೆಸರೇನು? ಎಷ್ಟು ಚೀಲ?" ಅಂದಳು ಅವ್ವ ಮೊದಲ ದಿನ.
"ಎಲ್ಲಿ ಇಟ್ಟಿ? ಡಬ್ಬಿ ಇಲ್ಲ, ಬೇವಿನೆಲಿ ಹಾಕಿಲ್ಲ,
ನುಸಿ ಹತ್ತೀತಲ್ಲೋ ಚಂದ್ರಾಮ!"
ಕಾಳಲ್ಲವ್ವ, ಬರೇ ಹೆಸರು.
ಡಾಟ್ ಕಾಮ್, ಡಾಟ್ ಇನ್.
ಮುಟ್ಟಲಾಕ ಬರಲ್ಲ, ಬ್ಯಾಳಿ ಒಡಿಲಾಕ ಬರಲ್ಲ,
ವರ್ಷಕ್ಕ ಎಂಟುನೂರು ಕಟ್ಟಿದರ ನಂದು,
ಕಟ್ಟದಿದ್ರ ಯಾರದೋ.

ಅಪ್ಪ ಪೇಂಟರ್. ಸೂಪರ್ ಮಾರ್ಕೆಟಿನಿಂದ ಶಹಾಬಜಾರ ತನಕ
ಅರ್ಧ ಊರಿನ ಬೋರ್ಡು ಅವನ ಕುಂಚದ್ದು.
ಊರಿನ ಹೆಸರು ಬದಲಾಗ್ತದಂತ ಸುದ್ದಿ ಹಬ್ಬಿದಾಗ
ಅವನು ಎರಡು ಡಬ್ಬಿ ಬಿಳಿ, ಒಂದು ಡಬ್ಬಿ ನೀಲಿ ತಂದಿಟ್ಟ.
ನಾ ಐದು ಸಾವಿರದ ಆರುನೂರು ಹಾಕಿ
ಊರನ್ನೇ ತಗೊಂಡೆ.
ಊರಿನ ಬಸ್ಸು, ಊರಿನ ಲಾಡ್ಜು, ಊರಿನ ತೊಗರಿ,
ಹಿಂದ ಮುಂದ ಏನೂ ಇಲ್ಲದ ಬರೇ ಊರು.
ಬಹಮನಿ ಸುಲ್ತಾನರಿಗೂ ಇಷ್ಟು ಸಸ್ತಾ ಸಿಕ್ಕಿರಲಿಲ್ಲ ಅಂತ
ಆ ರಾತ್ರಿ ಮಾಳಿಗಿ ಮ್ಯಾಲ ನಿಂತು
ಕ್ವಾಟಿ ಕಡಿ ನೋಡಿ ನಕ್ಕೆ.

ಸರ್ಕಾರದ ಕಾಗದ ಬಂತು.
ನಾ ತಗೊಂಡಿದ್ದು ಬುರ್ಗಿ, ಅವರು ಬರದಿದ್ದು ಬುರಗಿ.
ಕನ್ನಡದಾಗ ಒಂದು ಅರ್ಕಾವೊತ್ತು,
ಇಂಗ್ಲಿಷಿನ್ಯಾಗ ಒಂದು ಎ.
ಆ ಎ ಇದ್ದದ್ದು ಇಂದೂರಿನಾಂವ ಒಬ್ಬನ ಬಲ್ಲಿ,
ನಮ್ಮೂರಿನ ಧೂಳು ಸೈತ ನೋಡದಾಂವ.

ಅಪ್ಪ ಆ ಚಳಿಗಾಲ ಮೂವತ್ತೆಂಟು ಬೋರ್ಡು ಬರದ.
ಅಂಗಡಿಯವರು ಕೂಗಿ ಕರದು ಚಹಾ ಕುಡಿಸಿ ರೊಕ್ಕ ಕೊಟ್ಟರು.
"ಹೆಸರಿನ ಧಂದಾ ಅಂದ್ರ ಇದು," ಅಂದ,
ಉಗುರಿನ ನೀಲಿ ಸೀಮೆಎಣ್ಣಿಯಾಗ ತಿಕ್ಕೋತ.
"ನಿಂದು ಅರ್ಕಾವೊತ್ತು ಹೆಚ್ಚಾಗ್ಯದ, ತಾ ಇಲ್ಲಿ, ಅಳಿಸಿ ಕೊಡ್ತೀನಿ."

ಆಮ್ಯಾಲ ಕಲತೆ. ಊರಿನ ಆಸೆ ಬಿಟ್ಟೆ.
ಯಾರು ದಾಲ್ ಮಿಲ್ ಹಾಕ್ಲತ್ತಾರ,
ಯಾರ ಮಗಳಿಗೆ ಕ್ಲಿನಿಕ್ಕು, ಯಾರ ಅಳಿಯಗ ಕೋಚಿಂಗ್ ಕ್ಲಾಸು,
ಗಂಜಿನ ಚಹಾದ ಗಾಡಿ ಮುಂದ ಎಲ್ಲಾ ಗೊತ್ತಾಗ್ತದ.
ಅವರು ಕಪ್ಪು ಕೆಳಗಿಡೋದರಾಗ ಹೆಸರು ನಂದು.

ಗುರುಪಾದಪ್ಪ ಸಾವಕಾರ ಬಂದ, ಮಿಲ್ಲಿನ ಹೆಸರಿಗೆ.
ಹಳೇ ಮನುಷ್ಯಾ. ಹೆಗಲ ವಲ್ಲಿ ಚಾಚಿ
ಅದರ ಕೆಳಗ ನನ್ನ ಕೈ ಹಿಡದ.
ಎರಡು ಬೆರಳು ಒತ್ತಿದ. ನಾ ಐದೂ ಒತ್ತಿದೆ.
"ಸಾವಿರವಾ?"
"ಹತ್ತು ಸಾವಿರದ ಲೆಕ್ಕ ರೀ, ಒಂದೊಂದು ಬೆರಳಿಗೆ."
ವಲ್ಲಿ ಕೆಳಗ ಎರಡೂ ಕೈ ಬೆವತವು.
ಮೂರು ಬೆರಳು, ಮ್ಯಾಲ ಅರ್ಧ ಬೆರಳಿಗೆ ಮುಗೀತು.
ಎಂಟುನೂರರ ಮಾಲು ಮೂವತ್ತೈದು ಸಾವಿರಕ್ಕ,
ಚೀಲ ಇಲ್ಲ, ಹಮಾಲಿ ಇಲ್ಲ, ತೊಯ್ಯೋ ಚಿಂತಿ ಇಲ್ಲ.
ಕೈ ಬಿಡೋವಾಗ ಸಾವಕಾರ ಕೇಳಿದ, ಸಿಟ್ಟಿಲ್ಲದ:
"ಅದು ನಮ್ಮಪ್ಪನ ಹೆಸರು.
ನನಗ ಹೆಂಗ ಮಾರಿದಿ, ಹೇಳು?"

ವಲ್ಲಿ ಮಡಚಿ ಕೊಟ್ಟೆ.

ಮಾಲಪುರಿ ಮಾಡೋ ಖುರ್ಷೀದಾಬಿ ಮಾತ್ರ ಬಗ್ಗಲಿಲ್ಲ.
"ನಿಮ್ಮ ಅಂಗಡಿ ಹೆಸರು ನನ್ನ ಬಲ್ಲಿ ಅದ, ಚಾಚಿ," ಅಂದೆ.
"ಇರಲಿ ಬೇಟಾ, ಜೋಪಾನ ಇಟ್ಕೋ," ಅಂದು
ಬಿಸಿದೊಂದು ತಗದು ಕಾಗದದಾಗ ಇಟ್ಟಳು.
ಇಪ್ಪತ್ತು ರೂಪಾಯಿ ಎಣಿಸಿ ತಗೊಂಡಳು.

ಈಗ ನಲವತ್ತೊಂದು ಹೆಸರು ಅವ.
ಕಟ್ಟೋ ದಿನ ಬಂದಾಗ
ಅವ್ವ ಮರದಾಗ ಕಾಳು ಕೇರೋ ಹಂಗ ಕೇರ್ತೀನಿ:
ಇದು ಜೊಳ್ಳು, ಇದು ಗಟ್ಟಿ, ಇದು ಇನ್ನೊಂದು ವರ್ಷ ನೋಡೋಣ.
ಅರ್ಕಾವೊತ್ತಿನ ಊರು ಪ್ರತಿ ಸಲ ಜೊಳ್ಳಿನ್ಯಾಗ ಬೀಳ್ತದ,
ಪ್ರತಿ ಸಲ ಆರಿಸಿ ಒಳಗ ಇಟ್ಕೋತೀನಿ.
ಹತ್ತು ವರ್ಷಾತು, ಯಾರೂ ಕೇಳಿಲ್ಲ ಅದನ್ನ.
ತಪ್ಪು ಬರದವರು ಒಬ್ಬಿಬ್ಬರು ರಾತ್ರಿ ಬಂದು
ಖಾಲಿ ಪುಟ ನೋಡಿ ಹೊಳ್ಳಿ ಹೋಗ್ತಾರ.
ಸೇಡಂ ಬಸ್ಸಿನ ಟೈಮು ಹುಡುಕಿರಬೇಕು.

ಅವ್ವ ಈಗೂ ಕೇಳ್ತಾಳ:
"ಹೆಸರಿಗೆ ನುಸಿ ಹತ್ತಿಲ್ಲಲ್ಲೋ?"
"ಇಲ್ಲವ್ವ," ಅಂತೀನಿ.
ಎಂಟುನೂರಿದ್ದದ್ದು ಹದಿಮೂರುನೂರು ಆಗ್ಯದಂತ
ಹೇಳೋದಿಲ್ಲ.