ಸುತ್ತಿಗೆ ನಂಬರ್ ಹದಿನೇಳು

ನಾ ಲಾಡ್ಲೆಸಾಬ. ಕಲಬುರಗಿ ಕಾಲೇಜಿನ
ಭೂವಿಜ್ಞಾನ ಲ್ಯಾಬಿನ ಬೀಗದಕೈ
ಮೂವತ್ತೊಂದು ವರ್ಷ ಈ ಕಿಸೆದಾಗೇ ಅದ.
ಪುಸ್ತಕ ಗೊತ್ತಿಲ್ಲ ನನಗ, ಕಲ್ಲು ಗೊತ್ತವ:
ಬೀದರದ ಜಂಬಿಟ್ಟಿಗೆ ಕೈಗೆ ಕೆಂಪು ಹತ್ತಿಸ್ತದ,
ಶಹಾಬಾದದ ಫರಸಿ ಆಮ್ಲದ ಹನಿಗೆ ಬುಸುಗುಡ್ತದ,
ಕರಿಕಲ್ಲು ಏನೂ ಅನ್ನಲ್ಲ.

ಹೊರಗ ಹೋಗೋ ಹುಡುಗರಿಗೆ ಸುತ್ತಿಗೆ ಕೊಡೋದು,
ರಿಜಿಸ್ಟರಿನಾಗ ಸಹಿ ತಗೊಳ್ಳೋದು ನನ್ನ ಕೆಲಸ.
ನೌಕರಿ ಹೆಂಗ ಬಂತು ಹೆಂಗ ಹೋಯ್ತು ಅಂತ
ಯಾರರ ಕೇಳಿದ್ರ, ನಾ ಈ ರಿಜಿಸ್ಟರ್ ತೆಗೀತೀನಿ.

ಮೊದಲನೇ ವರ್ಷ ಇದ್ದ ಮೂವತ್ತು ಸುತ್ತಿಗೆ ಸಾಲಲಿಲ್ಲ,
ಇಬ್ಬರಿಗೊಂದು ಹಂಚಿದೆ.
ಆ ಗುಂಪಿನ ಗುರುಲಿಂಗ ಕಲ್ಲಿದ್ದಲಿಗೆ ಹೋದ,
ಪ್ರಲ್ಹಾದರಾವ ಎಣ್ಣಿ ತೆಗೆಯೋ ಕಂಪನಿಗೆ, ಸಮುದ್ರದ ಮ್ಯಾಲ.
ಫೋಟೊ ಕಳಿಸಿದ್ದ. ಅದರಾಗ ಎಲ್ಲೂ ಕಲ್ಲೇ ಇಲ್ಲ.
ಆಮ್ಯಾಗ ಸೇಡಂ ಕಡೆ ಸಿಮೆಂಟು.
ಆಮ್ಯಾಗ ಬೋರ್‌ವೆಲ್ ಗಾಡಿಗಳ ಮುಂದ ಪಾಯಿಂಟ್ ನೋಡೋರು:
ಅಂಗೈ ಮ್ಯಾಲ ತೆಂಗಿನಕಾಯಿ ಇಟ್ಟು ನಡಿಯೋ ಮುದುಕನ ಜೋಡಿ
ಮೀಟರ್ ಹಿಡಕೊಂಡ ನಮ್ಮ ಎಂಎಸ್ಸಿ ಹುಡುಗನ ಜಗಳ.
ಒಮ್ಮೊಮ್ಮೆ ನೀರು ಇಬ್ಬರ ಮಾತೂ ಕೇಳಲಿಲ್ಲ.

ಸಹಿಗಳು ಕಡಿಮಿ ಆದ್ವು.
ಹನ್ನೊಂದು. ಏಳು.
ಹುಡುಗರು ಲ್ಯಾಬಿನಾಗ ಕುಂತು ಎಫ್‌ಡಿಎ ಗೈಡ್ ಓದೋರು,
ಓದಿದ ಪುಟಕ್ಕ ಅಭ್ರಕದ ಹಾಳಿ ಇಟ್ಟು.
ಹೊಸ ಸರ್ ಹೇಳಿದ್ರು: ಈಗ ಎಲ್ಲಾ ಮ್ಯಾಲಿಂದೇ ಕಾಣ್ತದ ಲಾಡ್ಲೆಸಾಬ,
ಉಪಗ್ರಹ ಅದ, ಡ್ರೋನ್ ಅದ.
ಹೌದ್ರಿ ಅಂದೆ.
ಸುತ್ತಿಗಿಗೆ ಎಣ್ಣಿ ಹಚ್ಚಿ ಇಟ್ಟೆ.

ಹೋದ ವರ್ಷ ನಾಲ್ಕು ಜನ, ಮೂವರು ಹೆಣ್ಣುಮಕ್ಕಳು.
ಚಿಂಚೋಳಿ ಕಡೆ ತಾಂಡಾದ ಸಕ್ಕೂಬಾಯಿ ರಾಠೋಡ
ಸಹಿ ಮಾಡೋ ಮುಂದ ನಕ್ಕಳು:
"ಒಂದು ಸುತ್ತಿಗಿಗೆ ಇಷ್ಟ್ಯಾಕ್ರಿ ಚಾಚಾ?
ನಮ್ಮ ಮನ್ಯಾಗ ಮೂರವ.
ನಮ್ಮವ್ವಗ ಯಾರೂ ಸಹಿ ಕೇಳಿಲ್ಲ."
ನಮ್ಮಪ್ಪನೂ ಶಹಾಬಾದ ಖಣಿಯಾಗ ಫರಸಿ ಎಬ್ಬಿಸಿದಾಂವ.
ಹೇಳಲಿಲ್ಲ. ಪೆನ್ನು ಕೊಟ್ಟೆ.

ಈಗ ಆಕಿ ಎಲ್ಲೋ ಕೊರೆಯೋ ಗಾಡಿ ಮಗ್ಗಲು ಇರ್ತಾಳ,
ಹನ್ನೊಂದು ತಿಂಗಳ ಕರಾರು, ಪಿಎಫ್ ಇಲ್ಲ.
ರಾತ್ರಿ ಫೋನು: "ಚಾಚಾ, ಇಲ್ಲಿ ಕಲ್ಲು ಕೋಲಿನಂಗ ಮ್ಯಾಲ ಬರ್ತದ,
ಹಸಿ ಇದ್ದಾಗ ಒಂದು ಬಣ್ಣ, ಬಿಸಿಲಿಗೆ ಒಂದು.
ಪೆಟಗಿಯಾಗ ಜೋಡಿಸಿ ನಿಮ್ಮಂಗೇ ನಂಬರ್ ಬರೀತೀನಿ,
ಬಿಳಿ ಬಣ್ಣ, ಸಣ್ಣ ಕುಂಚ.
ಮಶೀನಿಗೆ ಆಳ ಗೊತ್ತಾಗ್ತದ.
ಬಿರುಕು ಮೊದಲೇ ಇತ್ತೋ, ಈಗ ನಾವು ಮಾಡಿದ್ದೋ,
ಅದು ಗೊತ್ತಾಗಲ್ಲ. ನಾನೇ ನೋಡ್ಬೇಕು."
ಕರಾರು ಮುಗಿದ ಮ್ಯಾಲ? ಕೇಳಿದೆ.
"ಇನ್ನೊಂದು ತೂತು," ಅಂದಳು.

ನಾಡಿದ್ದು ನನ್ನ ನಿವೃತ್ತಿ. ಆಡಿಟಿನವರು ಬಂದು ಎಣಿಸ್ಯಾರ:
ಒಂದು ಕಡಿಮಿ. ನಂಬರ್ ಹದಿನೇಳು.
ವಾಪಸ್ ಬಂದ ತಾರೀಖಿನ ಜಾಗ ಖಾಲಿ.
ಕಳುವೋ, ಮುರಿದದ್ದೋ, ಏನರ ಒಂದು ಬರೀರಿ,
ಪಗಾರದಾಗ ಹಿಡೀತೀವಿ ಅಂದ್ರು.

ನಾ ಬರೆದೆ:
ಬಳಕೆಯಲ್ಲಿದೆ.