ಕಡತ ೪೧೭

ಗಂಜಿನಲ್ಲಿ, ತೊಗರಿ ದಲಾಲರ ಅಂಗಡಿಯ ಮೇಲಿನ ಕೋಣೆ.
ಮೂರು ಕುರ್ಚಿ, ಮೂರು ಹೆಡ್‌ಫೋನು, ಒಂದು ಕೂಲರು.
ಕೂಲರು ಹಚ್ಚಿದರೆ ದನಿ ಕೇಳುವುದಿಲ್ಲ,
ಆರಿಸಿದರೆ ಮೇ ತಿಂಗಳೊಂದೇ ಕೇಳುತ್ತದೆ.

ಕೆಲಸ ಇಷ್ಟೇ:
ಆಂಬುಲೆನ್ಸಿಗೆ ಬಂದ ಹಳೆಯ ಕರೆಗಳನ್ನು
ಮೊದಲು ಯಂತ್ರ ಕೇಳಿ ಬರೆಯುತ್ತದೆ,
ಆಮೇಲೆ ನಾವು ಕೇಳಿ ತಿದ್ದುತ್ತೇವೆ.
ಕೆಮ್ಮಿದರೆ ‘ಕೆಮ್ಮು’ ಎಂದು ಗುರುತು,
ಅತ್ತರೆ ‘ಇತರೆ’.
ಅಳುವಿಗೆ ಬೇರೆ ಗುಂಡಿ ಇಟ್ಟಿಲ್ಲ.

ಯಂತ್ರದ ಕನ್ನಡ ಬಲು ಶುದ್ಧ,
ವಾರ್ತೆ ಕೇಳಿಯೇ ಬೆಳೆದ ಮಗುವಿನ ಹಾಗೆ.
‘ಹೋಗುತ್ತಿದ್ದೇನೆ’ ಗೊತ್ತು, ‘ಹೋಗ್ಲತ್ತೀನಿ’ ಗೊತ್ತಿಲ್ಲ.
ಶಹಾಬಾದಿನ ಕಲ್ಲುಗಣಿಯಿಂದ ಒಬ್ಬ
‘ದಮ್ಮ ಹತ್ಲತ್ತದ’ ಅಂದರೆ
‘ಧರ್ಮ ಹತ್ತಿರದ’ ಎಂದು ಬರೆಯಿತು,
ಕಾಗುಣಿತ ತಪ್ಪದೆ, ಒತ್ತಕ್ಷರ ಸಮೇತ.
ತಬಸ್ಸುಮ್ ನಕ್ಕಳು, ನಾನೂ ನಕ್ಕೆ.
ಸಿದ್ರಾಮ ನಗಲಿಲ್ಲ.
ಅವನಪ್ಪ ಹದಿನೆಂಟು ವರ್ಷ ಅಲ್ಲೇ ಬಂಡೆ ಎಬ್ಬಿಸಿದವನು;
ಆ ಉಸಿರಿನ ಸೀಟಿಗೆ
‘ಹಿನ್ನೆಲೆ ಸದ್ದು’ ಅನ್ನಲು ಅವನ ಕೈ ಬರಲೊಲ್ಲದು.

ನಾನೂ ಒಂದು ಕಾಲಕ್ಕೆ ಇಂಥ ಯಂತ್ರವೇ.
ಆರನೇ ಕ್ಲಾಸಿನಲ್ಲಿ ‘ಅವ್ವ ಹೇಳ್ಯಾಳ’ ಎಂದು ಬರೆದು
ಕೆಂಪು ಗೀಟು ಹಾಕಿಸಿಕೊಂಡೆ.
‘ತಾಯಿ ಹೇಳಿದ್ದಾಳೆ’ ಎಂದು ಹತ್ತು ಸಲ ಬರೆದೆ.
ಅವ್ವ ಹಾಗೆ ಹೇಳಿರಲಿಲ್ಲ.

ಕಡತ ೪೧೭. ಹೆಂಗಸು, ಅಂದಾಜು ಐವತ್ತೈದು, ಚಿಂಚೋಳಿ ಕಡೆ.
ರಾತ್ರಿ ಎರಡೂ ಹತ್ತು.
ಯಂತ್ರ ಬರೆದದ್ದು:
‘ನಮ್ಮ ಸೊಸೆ ಬನ್ನು ತಿನ್ನುತ್ತಾಳೆ ಗಾಳಿ ಕಳಿಸಿರಿ.’
ವಿಶ್ವಾಸ: ನೂರಕ್ಕೆ ತೊಂಬತ್ತೊಂದು.

ಹಿಂದಕ್ಕೆ ಸರಿಸಿ ಕೇಳಿದೆ. ಕೂಲರು ಆರಿಸಿ ಮತ್ತೆ ಕೇಳಿದೆ.
‘ನಮ್ಮ ಸೊಸಿ ಬ್ಯಾನಿ ತಿನ್ಲತ್ತಾಳ, ಗಾಡಿ ಕಳಸ್ರಿ.’

ಬ್ಯಾನಿ ತಿನ್ನುವುದು.
ಹೊರಸಿನ ಹುರಿ ಹಿಡಿದು, ಹಲ್ಲು ಕಚ್ಚಿ,
ಯಾರೂ ಪಾಲು ಕೇಳದ ಊಟವನ್ನು ಒಬ್ಬಳೇ ಮುಗಿಸುವುದು.
ತಬಸ್ಸುಮ್‌ಗೆ ಹೇಳಬೇಕಾಗಲಿಲ್ಲ, ಅವಳಿಗೆ ಎರಡು ಹೆರಿಗೆ.
ಸಿದ್ರಾಮನಿಗೆ ಹೇಳಿದೆವು.

ತಿದ್ದಿದೆ.
ಲೆಕ್ಕದ ಪ್ರಕಾರ ಆರು ಪದ, ಐದು ತಪ್ಪು.
‘ಸೊಸಿ’ಯ ಗುಡಿಸಿಗೂ ‘ಬ್ಯಾನಿ’ಗೂ
ತಪ್ಪಿನ ತಕ್ಕಡಿಯಲ್ಲಿ ಒಂದೇ ತೂಕ.
ಕೆಳಗೆ ಅಂಗಡಿಯಲ್ಲಿ ತೊಗರಿಗೂ ತೊಗರಿಯ ಹೊಟ್ಟಿಗೂ
ಹೀಗೆ ತೂಗಿದ್ದರೆ ಜಗಳವಾಗುತ್ತಿತ್ತು.

ಆಮೇಲೆ ತಾರೀಖು ನೋಡಿದೆ: ಹೋದ ಅಕ್ಟೋಬರ್.
ಗಾಡಿ ಹೋಯಿತೋ ಇಲ್ಲವೋ ಕಡತದಲ್ಲಿಲ್ಲ.
ಫೋನೆತ್ತಿದವರು ಏನಂದರೋ,
ಆ ಕಡೆಯ ದನಿ ನಮಗೆ ಕೊಡುವುದಿಲ್ಲ.
ಇಪ್ಪತ್ಮೂರನೇ ಸೆಕೆಂಡಿಗೆ ಒಂದು ಬಾಗಿಲು, ಒಂದು ನಾಯಿ,
ಅಷ್ಟೇ.
ಹೋಗಿದ್ದರೆ ಕೂಸಿಗೀಗ ಏಳು ತಿಂಗಳು.
‘ಬ್ಬ’ ಅನ್ನುವ, ‘ತ್ತ’ ಅನ್ನುವ ವಯಸ್ಸು;
ತಪ್ಪು ಎಣಿಸದೆ ಮನೆಯವರೆಲ್ಲ
ಅದಕ್ಕೊಂದು ಅರ್ಥ ಹಚ್ಚಿ ಕುಣಿಯುವ ವಯಸ್ಸು.

ತಿಂಗಳ ಕೊನೆಗೆ ಲೆಕ್ಕ ಬಂತು.
ನೂರಕ್ಕೆ ನಲವತ್ತೊಂದಿದ್ದ ತಪ್ಪು ಮೂವತ್ಮೂರಕ್ಕೆ ಇಳಿದಿದೆ.
ಸಾಹೇಬರು ಸುಸಲಾ ತರಿಸಿದರು, ಮಿರ್ಚಿ ಭಜಿ ಸಹಿತ.
ತಿಂದೆವು.
ಉಳಿದ ಮೂವತ್ಮೂರರಲ್ಲಿ ಯಾರ್ಯಾರಿದ್ದಾರೆ
ಎಂದು ಸಿದ್ರಾಮ ಕೇಳಿದ. ಸಾಹೇಬರು
ಅದನ್ನೊಂದು ಒಳ್ಳೆಯ ಪ್ರಶ್ನೆ ಅಂದರು.

ಸಂಜಿಕೆ ಕೆಳಗಿಳಿದು ಆಟೋದವಗ ಅಂದೆ,
‘ಆಳಂದ ನಾಕಾ ಬರ್ತಿ ಏನಪಾ?’
ಬಾಜೂಕ ಲಾರಿ ಹಾರ್ನು, ಹಮಾಲರ ಕೂಗು.
ಅಂವ ಎಂಜಿನ್ ಬಂದ್ ಮಾಡ್ದ.
ಕೊಳ್ಳು ಹೊರಗ ಹಾಕಿ, ಕಿವಿ ನನ್ನ ಕಡಿ ತಿರುವಿ,
‘ಏನಂದ್ರಿ, ಅಕ್ಕಾ?’

ಇಷ್ಟು ಕಡತ ತಿದ್ದೀನಿ.
ಯಂತ್ರ ಒಂದ್ ದಿನಾನೂ ಹೀಂಗ ಕೇಳಿಲ್ಲ.
ನಾ ಮತ್ತೊಮ್ಮಿ ಹೇಳ್ದೆ,
ಸಾವಕಾಶ, ನಮ್ಮವ್ವನ ಮಾತಿನಾಗ.