ಹಣ್ಣಾಗದ ಹುಳ

ಶಿಡ್ಲಘಟ್ಟದ ನಮ್ಮ ಶೆಡ್ಡಿನಲ್ಲಿ ನಾಲ್ಕನೇ ತೊಟ್ಟಿ ನನ್ನದು,
ಐದನೆಯದು ಆವುಲಮ್ಮನದು. ಹತ್ತೊಂಬತ್ತು ವರ್ಷ
ಒಂದೇ ಹಬೆ ಇಬ್ಬರ ಮುಖಕ್ಕೂ.
ಮೂವತ್ತು ಕೇಜಿ ಗೂಡಿನ ಚೀಲವನ್ನು
ಕೂಸನ್ನು ಎತ್ತಿಕೊಂಡಂತೆ ಸೊಂಟಕ್ಕೇರಿಸುತ್ತಿದ್ದಳು,
ಬಾಯಲ್ಲಿ ಎಲೆಅಡಿಕೆ, ಬೈಗುಳ ತೆಲುಗಲ್ಲಿ.

ಈಗ ಅವಳ ಕೈಬಳೆ ಮೊಣಕೈವರೆಗೆ ಹೋಗಿ ಬರುತ್ತದೆ.

ಹೊಟ್ಟೆಯಲ್ಲಿ ಗಡ್ಡೆ. ಗೊತ್ತಾದದ್ದು ದೀಪಾವಳಿಯ ಮಾರನೇ ವಾರ.
ತಮ್ಮನ ಮಗ ನಾಗಭೂಷಣ ಫೋನು ಹಿಡಿದು ಬಂದು ಓದಿದ:
ಮೊಟ್ಟೆ ಬೇಡ, ಹಾಲು ಬೇಡ, ಬೇಳೆ ಬೇಡ,
ನೀನು ತಿಂದದ್ದೆಲ್ಲ ಅದಕ್ಕೇ ಹೋಗುತ್ತೆ ಅತ್ತೆ.
ಪ್ರೀತಿಯಿಂದಲೇ ಹೇಳಿದ. ಅದೇ ಕಷ್ಟ.
ಇಪ್ಪತ್ತಾರು ದಿನ ಗಂಜಿತಿಳಿ, ಕ್ಯಾರೆಟ್ಟಿನ ರಸ.
ಗಡ್ಡೆ ಉಪವಾಸ ಮಾಡಲಿಲ್ಲ.
ಅವಳ ತೊಡೆಯಿಂದ ಎಳೆ ಬಿಚ್ಚಿಕೊಂಡಿತು,
ತೋಳಿನಿಂದ, ಬೆನ್ನಿನಿಂದ,
ನಾವು ಕುದಿನೀರಲ್ಲಿ ಗೂಡು ಬಿಚ್ಚುವ ಹಾಗೆ,
ಸದ್ದಿಲ್ಲದೆ, ಎಲ್ಲೂ ಕಡಿಯದಂತೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಊಟದ ಮೇಡಂ, ಸಬೀಹಾ ಅಂತ,
ಟೇಪು ತಂದು ತೋಳು ಅಳೆದರು, ದರ್ಜಿಯ ಹಾಗೆ.
ಹಿಡಿಕೆಯೊಂದನ್ನು ಕೊಟ್ಟು ಒತ್ತಿ ಎಂದರು.
ಮುಳ್ಳು ಒಂಬತ್ತರಲ್ಲಿ ನಿಂತಿತು.
"ಕೆಟ್ಟೋಗೈತೇನೋ ನೋಡಿ. ನಾನು ಒತ್ತಿದ್ರೆ
ಇದು ಮುರಿಬೇಕಿತ್ತು."

ಏನು ಕೆಲಸ ಎಂದು ಕೇಳಿದರು. ರೇಷ್ಮೆ ಬಿಚ್ಚೋದು ಎಂದೆವು.
ಅವರ ಕುರ್ಚಿ ಮುಂದಕ್ಕೆ ಬಂತು.
ರೇಷ್ಮೆಯೂ ಪ್ರೋಟೀನೇ ಅಮ್ಮ, ಮಣಿ ಪೋಣಿಸಿದ ಸರ:
ಗ್ಲೈಸಿನ್, ಅಲನಿನ್, ಸೆರಿನ್.
ಅಮೈನೋ ಆಮ್ಲ ಅಂತ ಮಣಿಗಳ ಹೆಸರು.
ನಿಮ್ಮ ತೋಳೂ ಅಂಥದೇ ಸರ, ಲೆಕ್ಕ ಬೇರೆ.
ಗಡ್ಡೆಗೂ ಬೇಕಾದ್ದು ಈ ಮಣಿಗಳೇ.
ತಟ್ಟೆಯಲ್ಲಿ ಸಿಗದಿದ್ದರೆ ಸರ ಕಿತ್ತು ತಗೊಳ್ಳುತ್ತೆ.

ಹಂಗಾದ್ರೆ ಅದನ್ನ ಉಪವಾಸ ಕೆಡವೋಕೆ ಆಗೋದೇ ಇಲ್ವ?
ಕೇಳಿದ್ದು ನಾನು.
ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
ಇಲಿಗಳಲ್ಲಿ ಆಗಿದೆ. ಒಂದೊಂದು ಗಡ್ಡೆಗೆ ಒಂದೊಂದು ಮಣಿಯ ಚಟ,
ಅದನ್ನು ತಪ್ಪಿಸಿದರೆ ಕೆಲವು ಸೊರಗುತ್ತವೆ.
ಮನುಷ್ಯರಲ್ಲಿ ಇನ್ನೂ ನೋಡುತ್ತಿದ್ದಾರೆ.
ಇವರದಕ್ಕೆ ಯಾವುದರ ಚಟವೋ ನನಗೆ ಗೊತ್ತಿಲ್ಲ.
ಗೊತ್ತಿರೋದು ಈ ಟೇಪು.
ತೋಳು ಇನ್ನೂ ಇಳಿದರೆ ಔಷಧಿ ತಡೆಯೋ ಮೈ ಉಳಿಯಲ್ಲ.
ತಿನ್ನಿ. ತಿಂದು ಕೂತಿರಬೇಡಿ, ಕೈಗೆ ಏನಾದರೂ ಕೆಲಸ ಕೊಡಿ.

ಬಸ್ಸಿನಲ್ಲಿ ನನಗೆ ಅಪ್ಪನ ಹುಳದ ಮನೆ ನೆನಪಾಯಿತು.
ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವ ಸದ್ದು,
ರಾತ್ರಿಯಿಡೀ, ಕಾದ ಹಂಚಿಗೆ ಉಪ್ಪು ಚೆಲ್ಲಿದಂತೆ.
ಆದರೂ ಹುಳಕ್ಕೆ ಒಂದು ದಿನ ಸಾಕೆನಿಸುತ್ತದೆ.
ಹಣ್ಣಾಗುತ್ತದೆ, ತಲೆ ಎತ್ತುತ್ತದೆ, ಚಂದ್ರಿಕೆಗೆ ಹತ್ತುತ್ತದೆ,
ತಿಂದದ್ದನ್ನು ಬಾಯಿಂದಲೇ ವಾಪಸು ಕೊಡುತ್ತದೆ.
ಇದಕ್ಕೆ ಜ್ವರವಿಲ್ಲ. ಹಣ್ಣಾಗುವುದು ಗೊತ್ತಿಲ್ಲ.
ಸೊಪ್ಪಿನ ಮೇಲೆ ಸೊಪ್ಪು, ಅಷ್ಟೇ.

ರೈಲ್ವೆ ಗೇಟು ದಾಟಿದ ಮೇಲೆ ಆವುಲಮ್ಮ ಬಾಯಿಬಿಟ್ಟಳು:
"ಹಸಿವಂತೂ ಇಲ್ಲ ಕಣೆ. ಆದ್ರೂ ನಿಂಬೆಕಾಯಷ್ಟು ಮುದ್ದೆ ಕಟ್ಟು."
ರಾಗಿಯಲ್ಲಿ ಸಾಲದ ಮಣಿ ಅವರೆಯಲ್ಲಿ ಧಾರಾಳವಂತೆ,
ಅವರೆಗೆ ಸಾಲದ್ದು ರಾಗಿಯಲ್ಲಿ.
ಮೊದಲು ಯಾರು ಒಂದೇ ತಟ್ಟೆಗೆ ಹಾಕಿದರೋ,
ಅವರಿಗೆ ಹಸಿವಾಗಿತ್ತು, ಅಷ್ಟು ಖಂಡಿತ.

ಸಂಜೆ ನಾಗಭೂಷಣ ಹನ್ನೆರಡು ಮೊಟ್ಟೆ ತಂದ.
ಯಾರ ಮುಖವನ್ನೂ ನೋಡದೆ ಗೂಡಿನಲ್ಲಿ ಇಟ್ಟು
ಹೊರಗೆ ಹೋಗಿ ಬೈಕು ಒರೆಸುತ್ತ ನಿಂತ.

ನೆನೆದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು
ಆವುಲಮ್ಮ ಒಂದೊಂದೇ ಹಿತುಕುತ್ತಾಳೆ.
ಸಿಪ್ಪೆ ಬೆರಳಲ್ಲಿ, ಬೇಳೆ ತಟ್ಟೆಗೆ.
ಎಂಟು ಹಿತುಕಿ ಉಸಿರಿಗೆ ನಿಲ್ಲುತ್ತಾಳೆ.
ಬಳೆ ಜಾರಿ ಬೋಗುಣಿಯ ಅಂಚಿಗೆ ಟಿಣ್ ಎನ್ನುತ್ತದೆ.
"ಮುಳ್ಳು ಎಷ್ಟಕ್ ಬಂತೇ?"
ಹತ್ತು ಎಂದೆ. ಮುಳ್ಳೆಲ್ಲಿತ್ತು ಅಲ್ಲಿ.
ಒಂಬತ್ತನೇ ಕಾಳು ಅವಳ ಬೆರಳಿಂದ ಚಿಮ್ಮಿ
ನನ್ನ ಕೆನ್ನೆಗೆ ಬಂದು ಅಂಟಿತು, ತಣ್ಣಗೆ.